ಮೊಣಕಾಲು ಉಜ್ಜುವವನು

ಕೌಲ್ ಬಜಾರಿನ ಗಲ್ಲಿಯಲ್ಲಿ ನನ್ನ ಕೆಲಸ ಇಷ್ಟೇ:
ಹೊಸ ಜೀನ್ಸ್ ಪ್ಯಾಂಟಿನ ಮೊಣಕಾಲಿಗೆ
ಉಪ್ಪುಕಾಗದ ಹಿಡಿದು ಉಜ್ಜುವುದು.
ಯಾರೋ ಎಷ್ಟೋ ವರ್ಷ ತೊಟ್ಟು ಸವೆಸಿದ ಹಾಗೆ ಕಾಣಬೇಕು.
ದಿನಕ್ಕೆ ನೂರಿಪ್ಪತ್ತು ಜೋಡಿ.
ಉಗುರಿನ ಸಂದಿಯ ನೀಲಿ ಊಟದ ತಟ್ಟೆಗೂ ಬರುತ್ತದೆ.

ಹಾಗಾಗಿ ಮೊಣಕಾಲಿನ ಮಟ್ಟಿಗೆ
ಅಸಲಿ ಯಾವುದು ನಕಲಿ ಯಾವುದು
ನನಗೆ ಗೊತ್ತಾಗುತ್ತದೆ.

ಆರೋಗ್ಯಪ್ಪ ಕಂಟೋನ್ಮೆಂಟಿನ ಹುಡುಗ.
ಹುಟ್ಟಿದಾಗ ಮೂರು ದಿನ ಹಾಲು ಮುಟ್ಟಲಿಲ್ಲವಂತೆ,
ಆರೋಗ್ಯ ಮಾತೆಗೆ ಹರಕೆ ಹೊತ್ತು ಇಟ್ಟ ಹೆಸರು.
ಆ ದಿನ ಎಡಗಾಲು ನೆಟ್ಟು ಬಲಕ್ಕೆ ತಿರುಗಿದ, ಅಷ್ಟೇ.
ಯಾರೂ ಮುಟ್ಟಿರಲಿಲ್ಲ.
ಒಣ ಹುಣಸೆ ಬರಲು ಮುರಿದಂಥ ಸದ್ದು
ನಮಗೆ ಕೇಳಿತು, ರೆಫರಿಗೆ ಕೇಳಲಿಲ್ಲ.
ದೊಡ್ಡಾಸ್ಪತ್ರೆಯ ಡಾಕ್ಟರು ಒಂಬತ್ತು ತಿಂಗಳು ಅಂದರು.
"ಬಸುರಿ ಲೆಕ್ಕ ಹೇಳ್ಯಾರಲೇ" ಅಂತ ಅವನೇ ನಕ್ಕ.

ಏಳನೇ ನಂಬರಿನ ಅಂಗಿ ನನಗೆ ಬಂತು.
ಭುಜಕ್ಕೆ ದೊಡ್ಡದು. ಒಳಗೆ ಮಡಚಿ ಹೊಲಿದುಕೊಂಡೆ,
ಬಿಚ್ಚಲು ಬರುವ ಹಾಗೆ, ದೊಡ್ಡ ದೊಡ್ಡ ಹೊಲಿಗೆ.

ಆರನೇ ತಿಂಗಳಿಗೆ ಮೈದಾನಕ್ಕೆ ಬಂದ.
ಲಾರಿ ಮಾಲೀಕರ ಕಪ್ಪಿನ ಫೈನಲ್‌ಗೆ ನಾಲ್ಕು ದಿನ.
ಕೆಂಪು ಧೂಳಿನಲ್ಲಿ ಎಲ್ಲರೆದುರು ಇಪ್ಪತ್ತು ಬಸ್ಕಿ ಹೊಡೆದ.
ಗಾಲೆಪ್ಪ ಮೇಷ್ಟ್ರ ಕಣ್ಣು ಒದ್ದೆ. ಸೀಟಿ ಬಿತ್ತು.
"ಗಂಡುಮಗ" ಅಂದರು ಯಾರೋ.
ಬಸ್ಕಿ ಮೇಲೆ ಕೆಳಗೆ ಹೋಗುವ ಕೆಲಸ.
ಆಟ ತಿರುಗುವ ಕೆಲಸ.

ರಾತ್ರಿ ಯೂನಿಟ್ಟಿಗೆ ಹುಡುಕಿಕೊಂಡು ಬಂದ:
"ಗುಂತಕಲ್ಲಿನ ರೈಲ್ವೆಯವರು ನೋಡಾಕ ಬರ್ತಾರಲೇ.
ಮೂರು ತಿಂಗಳು ಕಾದ್ರ ಮೊಣಕಾಲು ಉಳೀತೈತಿ,
ನೌಕರಿ ಉಳೀತೈತೇನು?"
ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮಹಡಿಯಿಂದ ಇಬ್ಬರೂ ಇಳಿದೆವು. ಕರೆಂಟು ಹೋಗಿತ್ತು.
ಕತ್ತಲಲ್ಲಿ ಯಾರಿಗೆ ಕಾಣುತ್ತದೆಂದು
ಅವನು ಗೋಡೆ ಹಿಡಿದು, ಈಗಷ್ಟೇ ನಡೆ ಕಲಿತ ಕೂಸಿನ ಹಾಗೆ,
ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಇಳಿದ.
ನೋಡಲಿಲ್ಲ ನಾನು, ಎಣಿಸಿದೆ.
ಹದಿನಾರು ಮೆಟ್ಟಿಲು, ಮೂವತ್ತೆರಡು ಹೆಜ್ಜೆ.

ಹೇಳಿದರೆ ಅಂಗಿ ನನಗೇ ಉಳಿಯುತ್ತದೆ.
ಹೇಳದಿದ್ದರೆ ದೊಡ್ಡ ಮನಸ್ಸಿನವನು ಅನ್ನುತ್ತಾರೆ.
ಇಂಥ ತಕ್ಕಡಿ ಯಾವ ಅಂಗಡಿಯಲ್ಲೂ ಕಂಡಿಲ್ಲ:
ನಿಜ ಕೂತ ತಟ್ಟೆಯಲ್ಲೇ ನನ್ನ ಲಾಭವೂ ಕೂತಿದೆ.

ಹೇಳಿದೆ.
ಮೇಷ್ಟ್ರು ಬೀಡಿ ಆರಿಸಿದರು.
"ಹುಸೇನಪ್ಪ, ನಿನಗ ಆಡಬೇಕಾಗೈತಿ. ಅದಕ್ಕೇನು?"
"ಹೌದ್ರಿ. ಅದೂ ಐತಿ. ಅವನ ಮೊಣಕಾಲೂ ಐತಿ."
ನನ್ನನ್ನೂ ಬಿಡ್ರಿ, ಷರೀಫನ್ನ ಇಳಿಸ್ರಿ ಅಂದಿದ್ದರೆ
ಆ ಮಾತು ಒಗೆದು ಒಣಗಿಸಿದಷ್ಟು ಚೊಕ್ಕಟ ಇರುತ್ತಿತ್ತು.
ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

ಫೈನಲ್ ಸೋತೆವು.
ಖಾಲಿ ಗೋಲು ಎರಡು ಸಲ ನನ್ನೆದುರು ಬಾಯಿ ತೆರೆದಿತ್ತು.
ಗುಂತಕಲ್ಲಿನಿಂದ ಒಬ್ಬನೇ ಒಬ್ಬ ಬಂದಿದ್ದ,
ಎದುರಾಳಿ ಹುಡುಗನ ಹೆಸರು ಬರೆದುಕೊಂಡು ಹೋದ.
ಗೆರೆಯ ಆಚೆ ಆರೋಗ್ಯಪ್ಪ ನಿಂತಿದ್ದ,
ಎರಡೂ ಕಾಲಿನ ಮೇಲೆ, ನೆಟ್ಟಗೆ.
ಅದನ್ನು ಯಾರೂ ಸ್ಕೋರಿನಲ್ಲಿ ಬರೆಯಲಿಲ್ಲ.

ಈಗ ಹತ್ತನೇ ತಿಂಗಳು.
ಭುಜದ ಹೊಲಿಗೆ ಬಿಚ್ಚಿ ಅಂಗಿ ಕೊಟ್ಟೆ.
ಕೈ ಚಾಚಿ ತಗೊಂಡ, ಮಾತಾಡಲಿಲ್ಲ.
ಸೂಜಿಯ ತೂತುಗಳ ಸಾಲು ಬಟ್ಟೆಯಲ್ಲಿ ಹಾಗೇ ಇದೆ.

ಕೋಟೆ ಗುಡ್ಡದ ಬಂಡೆ ಸಂಜೆಯಾದರೂ ಬಿಸಿ ಉಗುಳುತ್ತಿದೆ.
ನಾನು ಬೆಂಚಿನ ಮೇಲೆ.
ಎಲ್ಲರ ಕಣ್ಣು ಚೆಂಡಿನ ಹಿಂದೆ ಓಡುತ್ತವೆ,
ನನ್ನದು ಅವನ ಎಡ ಮೊಣಕಾಲು ಬಿಟ್ಟು ಕದಲುವುದಿಲ್ಲ.
ಅವನು ಬಲಕ್ಕೆ ತಿರುಗಿದಾಗೆಲ್ಲ
ಉಸಿರು ಹಿಡಿಯುತ್ತೇನೆ,
ಆ ಸದ್ದು ಕೇಳದಿರಲೆಂದೋ,
ಕೇಳಲೆಂದೋ.
ನನ್ನನ್ನು ನಾನು ಇನ್ನೂ ಕೇಳಿಲ್ಲ.